ಇಂಗ್ಲಿಷ್ ಪ್ರಶ್ನೋತ್ತರ: ಮನಸ್ಸಿನ ಮಾತು ಹೇಳಿಕೊಳ್ಳೋದಕ್ಕೆ ಯಾವ ಶಬ್ದ?

ಹೋದ ಸಂಚಿಕೆಯಲ್ಲಿ, 'ಶೇರ್' ಅನ್ನೋ ಒಂದೇ ಶಬ್ದವನ್ನು ನಾವು ಎಲ್ಲದಕ್ಕೂ ಬಳಸ್ತೀವಿ ಅಂತ ಸುಮ್ನೆ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೇ ಈ ಸಲ ಇಷ್ಟು ಪತ್ರ ಬಂದಿವೆ. ಹಾಗಾಗಿ ಗ್ರಾಮರ್ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ತಳ್ಳಿದ್ದೇನೆ. ಪತ್ರ ಬರೆದವರ ಹೆಸರು ಹಾಕಿಲ್ಲ, ಊರು ಮಾತ್ರ ಇದೆ. ಕೆಲವರು ಪ್ರಶ್ನೆಯ ಜೊತೆ ಮನೆಯ ವಿಷಯವನ್ನೂ ಎರಡು ಪುಟ ಬರೆದಿದ್ದಾರೆ. ಅದನ್ನು ಓದಿದ್ದೇನೆ, ಅಚ್ಚಿಗೆ ಕೊಟ್ಟಿಲ್ಲ.

ಪ್ರಶ್ನೆ: ನಮಸ್ಕಾರ ಅಕ್ಕೋರೇ. ನಾನು ಸೀರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತೇನೆ. ಗೆಳತಿಯ ಬಗ್ಗೆ ಮಾತಾಡು ಅಂದಾಗ 'ಐ ಶೇರ್ ಎವೆರಿಥಿಂಗ್ ವಿತ್ ಹರ್' ಅಂದೆ. ಸರ್ 'ಕನ್‌ಫೈಡ್' ಅನ್ನು ಅಂದರು. 'ಐ ಕನ್‌ಫೈಡ್ ಹರ್' ಅಂದೆ. ಅದೂ ತಪ್ಪಂತೆ. ಎಲ್ಲರೂ ನಕ್ಕರು. ಎಲ್ಲಿ ತಪ್ಪಾಯಿತು?
*ಇಳಕಲ್*

ಉತ್ತರ: 'ಇನ್' ಬಿಟ್ಟಿದ್ದೀರಿ, ಅಷ್ಟೇ. ನಕ್ಕವರಲ್ಲೂ ಅರ್ಧ ಮಂದಿಗೆ ಅದು ಗೊತ್ತಿರಲಿಕ್ಕಿಲ್ಲ. 'ಐ ಕನ್‌ಫೈಡ್ ಇನ್ ಹರ್' ಅನ್ನಬೇಕು, ಅಂದರೆ ಅವಳನ್ನು ನಂಬಿ ಮನಸ್ಸಿನ ಗುಟ್ಟು ಹೇಳಿಕೊಳ್ಳುತ್ತೇನೆ. ಯಾರ ಹತ್ತಿರ ಹೇಳಿಕೊಂಡಿರಿ ಅನ್ನೋದಷ್ಟೇ ಹೇಳುವಾಗ 'ಇನ್'. ಏನು ಹೇಳಿಕೊಂಡಿರಿ ಅನ್ನೋದೂ ಬಂದರೆ 'ಟು' ಬರುತ್ತದೆ: 'ಶಿ ಕನ್‌ಫೈಡೆಡ್ ಹರ್ ಫಿಯರ್ಸ್ ಟು ಮಿ', ಅಂದರೆ ತನಗಿದ್ದ ಭಯವನ್ನು ನನ್ನ ಮುಂದೆ ಹೇಳಿಕೊಂಡಳು. ಸಾಲ ಆಗಿದೆ ಅಂತ ಒಬ್ಬ ನಿಮ್ಮ ಹತ್ತಿರ ಗುಟ್ಟಾಗಿ ಹೇಳಿದರೆ 'ಹಿ ಕನ್‌ಫೈಡೆಡ್ ದ್ಯಾಟ್ ಹಿ ವಾಸ್ ಇನ್ ಡೆಟ್'.

'ಶೇರ್' ಅಂದದ್ದು ತಪ್ಪೇನಲ್ಲ. ಆದರೆ ಊಟದ ಡಬ್ಬಿ, ಆಟೋ, ಫೋಟೋ, ದುಃಖ ಎಲ್ಲಕ್ಕೂ ಅದೇ ಶಬ್ದ ಅಲ್ವಾ? 'ಕನ್‌ಫೈಡ್' ಹಾಗಲ್ಲ. ಅದರ ಮೂಲ ಲ್ಯಾಟಿನ್ನಿನ 'ಫೀದೆರೆ', ಅಂದರೆ ನಂಬು. ನಿಷ್ಠೆ ಅನ್ನೋ ಅರ್ಥದ 'ಫಿಡೆಲಿಟಿ'ಯೂ ಅದೇ ಬೇರಿನದು. ಆದ್ದರಿಂದ ಬಸ್ಸಿನಲ್ಲಿ ಪಕ್ಕ ಕೂತವರಿಗೆ ನಿಮ್ಮ ಸಂಬಳ ಎಷ್ಟು ಅಂತ ಹೇಳಿದ್ದಕ್ಕೆ 'ಕನ್‌ಫೈಡ್' ಅನ್ನಲಾಗದು. ಅವರು ಇದನ್ನು ಇನ್ನೊಬ್ಬರಿಗೆ ಹೇಳಲ್ಲ ಅನ್ನೋ ಭರವಸೆ ಇದ್ದಾಗ ಮಾತ್ರ ಅದು ಕೂಡುತ್ತದೆ.

ಈ ಮನೆತನದಲ್ಲಿ ಇನ್ನೂ ಮೂವರು ಇದ್ದಾರೆ, ಮೂವರೂ ತೊಂದರೆ ಕೊಡ್ತಾರೆ. 'ಕಾನ್ಫಿಡೆಂಟ್' ಅಂದರೆ ತನ್ನ ಮೇಲೆ ನಂಬಿಕೆ ಇರುವವನು. 'ಕಾನ್ಫಿಡೆನ್ಷಿಯಲ್' ಅಂದರೆ ಗುಟ್ಟಾಗಿ ಇಡಬೇಕಾದ ಕಾಗದ ಅಥವಾ ಮಾತು. 'ಕಾನ್ಫಿಡ್ಯಾಂಟ್' ಅಂದರೆ ನೀವು ಗುಟ್ಟು ಹೇಳಿಕೊಳ್ಳುವ ಆಪ್ತ ವ್ಯಕ್ತಿ. ನಿಮ್ಮ ಗೆಳತಿ ನಿಮಗೆ ಅದೇ. ಹೆಂಗಸಾದರೆ ಬರೆಯುವಾಗ ಕೊನೆಗೆ ಒಂದು 'ಇ' ಸೇರಿಸುವುದುಂಟು, ಉಚ್ಚಾರ ಬದಲಾಗುವುದಿಲ್ಲ. ಇನ್ನೊಂದು ಜೋಡಿ ಇದಕ್ಕಿಂತ ಅಪಾಯದ್ದು. 'ಐ ಟೋಲ್ಡ್ ಹರ್ ಇನ್ ಕಾನ್ಫಿಡೆನ್ಸ್' ಅಂದರೆ ಗುಟ್ಟಾಗಿ ಹೇಳಿದೆ. 'ವಿತ್ ಕಾನ್ಫಿಡೆನ್ಸ್' ಅಂದರೆ ಅಳುಕಿಲ್ಲದೆ, ಧೈರ್ಯವಾಗಿ ಹೇಳಿದೆ. ಗುಟ್ಟಾಗಿ ಹೇಳಿದ ಮಾತನ್ನು ಹಿರಿಯ ಅಧಿಕಾರಿಗೆ ಬರೆದು ತಿಳಿಸುವಾಗ ಇವೆರಡು ಅದಲುಬದಲಾದರೆ ಕೆಲಸ ಕೆಡುತ್ತದೆ.

ಪ್ರಶ್ನೆ: 'ಅನ್‌ಬರ್ಡನ್' ಅನ್ನೋ ಶಬ್ದ ಡಿಕ್ಷನರಿಯಲ್ಲಿ ಸಿಕ್ಕಿತು. ಎದೆಭಾರ ಇಳಿಸಿಕೊಳ್ಳೋದು ಅಂತ ಅರ್ಥ ಇದೆ. ಮಾತಿನಲ್ಲಿ ಬಳಸಬಹುದಾ?
*ಬಾದಾಮಿ*

ಉತ್ತರ: ಬಳಸಿದರೆ ಅರ್ಥ ಆಗುತ್ತದೆ, ಆದರೆ ಪುಸ್ತಕದ ವಾಸನೆ ಬರುತ್ತದೆ. ಬರೆಯುವಾಗ 'ಶಿ ಅನ್‌ಬರ್ಡನ್ಡ್ ಹರ್‌ಸೆಲ್ಫ್ ಟು ಹರ್ ಸಿಸ್ಟರ್' ಚೆನ್ನಾಗಿಯೇ ಇರುತ್ತದೆ. ಮಾತಿನಲ್ಲಿ ಹೇಳಿಕೊಂಡು ಹಗುರಾದ ಮೇಲೆ 'ದ್ಯಾಟ್ಸ್ ಎ ವೆಯಿಟ್ ಆಫ್ ಮೈ ಮೈಂಡ್' ಅಂತಾರೆ, 'ಮೈಂಡ್' ಬದಲು 'ಶೋಲ್ಡರ್ಸ್' ಕೂಡ ನಡೆಯುತ್ತದೆ. ಶೇಕ್ಸ್‌ಪಿಯರ್ ಈ ಶಬ್ದವನ್ನು 'ದ ಮರ್ಚಂಟ್ ಆಫ್ ವೆನಿಸ್' ನಾಟಕದ ಮೊದಲ ದೃಶ್ಯದಲ್ಲೇ ತರುತ್ತಾನೆ. ಬಸ್ಸಾನಿಯೋ ತನ್ನ ಮನಸ್ಸಿನಲ್ಲಿರುವ ಯೋಚನೆಯನ್ನೆಲ್ಲ ಗೆಳೆಯ ಆಂಟೋನಿಯೋ ಮುಂದೆ 'ಅನ್‌ಬರ್ಡನ್' ಮಾಡುತ್ತೇನೆ ಅನ್ನುತ್ತಾನೆ. ಏನದು ಯೋಚನೆ ಅಂದರೆ, ಹಳೇ ಸಾಲ ತೀರಿಸುವ ದಾರಿ. ಆ ದಾರಿ ಯಾವುದು ಅಂದರೆ, ಅದೇ ಆಂಟೋನಿಯೋ ಹತ್ತಿರ ಇನ್ನೊಂದಿಷ್ಟು ದುಡ್ಡು! ಹೀಗೆ ಭಾರ ಇಳಿಸಿಕೊಳ್ಳುವವರು ನಮ್ಮ ಕಡೆಯೂ ಏನು ಕಡಿಮೆ ಇಲ್ಲ.

ಪ್ರಶ್ನೆ: ನಾನು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿದ್ದೇನೆ. ಹೊರಗಿನಿಂದ ಬಂದ ಎಂಜಿನಿಯರ್ ಒಬ್ಬರು ದಿನಾ ಸಂಜೆ ನನ್ನ ಟೇಬಲ್ ಹತ್ತಿರ ಬಂದು ಕೆಲಸದ ಬಗ್ಗೆ ಒದರುತ್ತಾರೆ. ನಾನು ಹೀಗೆ ಮಾಡಿ ಹಾಗೆ ಮಾಡಿ ಅಂತ ಹೇಳಲು ಹೋದರೆ 'ಐಯಾಮ್ ಜಸ್ಟ್ ವೆಂಟಿಂಗ್' ಅಂತ ಸಿಟ್ಟಾಗುತ್ತಾರೆ. ಒಮ್ಮೊಮ್ಮೆ 'ಲೆಟ್ಟಿಂಗ್ ಆಫ್ ಸ್ಟೀಮ್' ಅಂತಾರೆ. ಎರಡೂ ಒಂದೇನಾ? ನಾನು ಏನು ಮಾಡಬೇಕು?
*ಮುಧೋಳ*

ಉತ್ತರ: ಏನೂ ಮಾಡಬೇಡಿ. ಅವರು ಹೇಳುತ್ತಿರುವುದೂ ಅದನ್ನೇ. 'ವೆಂಟ್' ಮಾಡೋದು ಅಂದರೆ ಒಳಗಿನ ಸಿಟ್ಟು, ಬೇಸರ ಹೊರಗೆ ಹಾಕೋದು. ಹಾಗೆ ಮಾಡುವವನಿಗೆ ಉಪಾಯ ಬೇಡ, ಎರಡು ಕಿವಿ ಸಾಕು. 'ಜಸ್ಟ್' ಸೇರಿಸಿದರಂತೂ, ಸುಮ್ನೆ ಕೇಳಿ ಮಾರಾಯರೇ ಅಂತ.

'ಲೆಟ್ ಆಫ್ ಸ್ಟೀಮ್' ಎಲ್ಲಿಂದ ಬಂತು ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಯ್ಲರಿನ ಒತ್ತಡ ಮೀರಿದಾಗ ಸೇಫ್ಟಿ ವಾಲ್ವ್ ತೆರೆದು ಉಗಿ ಹೊರಗೆ ನುಗ್ಗುವ ಸದ್ದು ಕೇಳಿಯೇ ಇರುತ್ತೀರಿ, ಕೆಲವು ಸಲ ಪಕ್ಕದ ಊರಿಗೂ ಕೇಳುತ್ತದೆ. ಉಗಿ ಯಂತ್ರಗಳ ಕಾಲದಲ್ಲಿ ಈ ಮಾತು ಮನುಷ್ಯರಿಗೂ ಬಂತು. ಬ್ರಿಟಿಷರು 'ಲೆಟ್ ಆಫ್' ಅಂತಾರೆ, ಅಮೆರಿಕದವರು ಜಾಸ್ತಿ 'ಬ್ಲೋ ಆಫ್' ಅಂತಾರೆ. ಒಂದು ವ್ಯತ್ಯಾಸ ಇದೆ. 'ಲೆಟ್ ಆಫ್ ಸ್ಟೀಮ್' ಮಾಡೋದಕ್ಕೆ ಬಾಯಿಯೇ ಬೇಕಂತಿಲ್ಲ. ಸಂಜೆ ಮೈದಾನದಲ್ಲಿ ಕಬಡ್ಡಿ ಆಡಿ ಬಂದರೂ ಅದೇ ಮಾತು. 'ವೆಂಟ್' ಮಾಡೋದು ಹೆಚ್ಚಾಗಿ ಮಾತಿನಲ್ಲೇ. ಈ ಶಬ್ದದ ಹಿಂದೆ ಇರುವುದು ಲ್ಯಾಟಿನ್ನಿನ ಗಾಳಿ, 'ವೆಂಟಿಲೇಟರ್' ಕೂಡ ಅದರ ಬಂಧು.

'ವೆಂಟ್' ಮುಂದೆ ಯಾವ ಶಬ್ದ ಬರುತ್ತದೆ ಅನ್ನೋದನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ. 'ಹಿ ವೆಂಟೆಡ್ ಟು ಮಿ' ಅಂದರೆ ನನ್ನ ಮುಂದೆ ಸಿಟ್ಟು ಹೇಳಿಕೊಂಡ. 'ಹಿ ವೆಂಟೆಡ್ ಹಿಸ್ ಆಂಗರ್ ಆನ್ ಮಿ' ಅಂದರೆ ಯಾರದೋ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಂಡ. ಮ್ಯಾನೇಜರಿಗೆ ಬರೆಯುವಾಗ ಎರಡನೆಯದನ್ನು ಬರೆದರೆ ಆ ಎಂಜಿನಿಯರ್ ನಿಮ್ಮ ಟೇಬಲ್ ಕಡೆ ಮತ್ತೆ ಬರಲಿಕ್ಕಿಲ್ಲ.

'ಗೆಟ್ ಇಟ್ ಆಫ್ ಯುವರ್ ಚೆಸ್ಟ್' ಬೇರೆ. ಬಹಳ ದಿನದಿಂದ ಎದೆಯಲ್ಲಿ ಕೂತಿರುವ ಒಂದೇ ವಿಷಯ, ಅದನ್ನು ಒಮ್ಮೆ ಹೇಳಿ ಮುಗಿಸೋದು. ದಿನಾ ಸಂಜೆ ಆರಕ್ಕೆ ಬಂದು ಹೇಳೋದಕ್ಕೆ ಈ ಮಾತು ಹೊಂದಲ್ಲ.

ಹೇಳಿಕೊಂಡರೆ ಸಿಟ್ಟು ಇಳಿಯುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಕೆಟ್ಟದಾಗಿ ಟೀಕಿಸಿ ಅವರಿಗೆ ಸಿಟ್ಟು ಬರಿಸಿದರು. ಆಮೇಲೆ ಕೆಲವರಿಗೆ, ಟೀಕಿಸಿದವನನ್ನೇ ನೆನೆಯುತ್ತ ಪಂಚಿಂಗ್ ಬ್ಯಾಗ್ ಗುದ್ದಲು ಹೇಳಿದರು, ಕೆಲವರನ್ನು ಸುಮ್ಮನೆ ಕೂರಿಸಿದರು. ಗುದ್ದಿದವರಿಗೇ ಸಿಟ್ಟು ಜಾಸ್ತಿ ಉಳಿದಿತ್ತು. ಇದು ಗುದ್ದಿದ ವಿಷಯ, ಮಾತಾಡಿದ್ದಲ್ಲ. ಆದರೂ ನಿಮ್ಮ ಎಂಜಿನಿಯರ್ ಅದದೇ ವಿಷಯವನ್ನು ದಿನಾ ಕೆದಕುತ್ತಿದ್ದರೆ ಒಂದು ಚಹಾ ಹೇಳಿ ಮಾತು ಬದಲಿಸಿ ನೋಡಿ.

ಪ್ರಶ್ನೆ: ಗೋಳಗುಮ್ಮಟದಲ್ಲಿ ಗೈಡ್ 'ವಿಸ್ಪರಿಂಗ್ ಗ್ಯಾಲರಿ' ಅಂತಾರೆ. 'ವಿಸ್ಪರ್' ಅಂದರೆ ಗುಟ್ಟು ಹೇಳೋದು ಅಲ್ವಾ? ಮತ್ತೆ 'ಹಾರ್ಟ್' ಬರುವ ನುಡಿಗಟ್ಟುಗಳನ್ನೂ ಬಿಡಿಸಿ ಹೇಳಿ ಮೇಡಂ, ಬಿಎ ಪರೀಕ್ಷೆಗೆ ಬೇಕು.
*ವಿಜಯಪುರ*

ಉತ್ತರ: 'ವಿಸ್ಪರ್' ಅನ್ನೋದು ದನಿಯ ಮಾತು, ನಂಬಿಕೆಯದಲ್ಲ. ಆ ಗ್ಯಾಲರಿಯಲ್ಲಿ ಗೋಡೆಗೆ ಮುಖ ಕೊಟ್ಟು ಪಿಸುಗುಟ್ಟಿದ್ದು ಸುಮಾರು 38 ಮೀಟರ್ ಆಚೆ ಎದುರುಗಡೆ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಮೇಲಿಂದ ಪ್ರತಿಧ್ವನಿ ಬೇರೆ. ಗುಟ್ಟು ಹೇಳಿಕೊಳ್ಳಲು ಇಡೀ ಜಿಲ್ಲೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಸಿಗಲಿಕ್ಕಿಲ್ಲ!

ಈಗ 'ಹಾರ್ಟ್'. ದುಃಖವನ್ನೆಲ್ಲ ತೋಡಿಕೊಳ್ಳೋದು 'ಪೋರ್ ಔಟ್ ಯುವರ್ ಹಾರ್ಟ್'. 1611ರ ಇಂಗ್ಲಿಷ್ ಬೈಬಲ್ಲಿನ 62ನೇ ಕೀರ್ತನೆಯಲ್ಲಿ ಇದು ಇದೆ, ಅಲ್ಲಿ ಕೇಳುವವನು ದೇವರು. ಇಬ್ಬರೂ ಕೂತು ಮನಸ್ಸು ಬಿಚ್ಚಿ ಮಾತಾಡಿದರೆ 'ಎ ಹಾರ್ಟ್ ಟು ಹಾರ್ಟ್'. ಇದರಲ್ಲಿ ಇಬ್ಬರೂ ಮಾತಾಡಬೇಕು, ಒಬ್ಬರೇ ಹೇಳಿ ಇನ್ನೊಬ್ಬರು ಹೂಂಗುಟ್ಟಿದರೆ ಅದು ಹಾರ್ಟ್ ಟು ಹಾರ್ಟ್ ಅಲ್ಲ.

'ವೇರ್ ಯುವರ್ ಹಾರ್ಟ್ ಆನ್ ಯುವರ್ ಸ್ಲೀವ್' ಅನ್ನೋದನ್ನು ಪರೀಕ್ಷೆಯ ಗೈಡ್ ಪುಸ್ತಕಗಳು ಇದೇ ಸಾಲಿನಲ್ಲಿ ಸೇರಿಸುತ್ತವೆ. ಸೇರಿಸಬೇಡಿ. ಅಲ್ಲಿ ಯಾರ ಹತ್ತಿರವೂ ಹೇಳಿಕೊಳ್ಳುವುದಿಲ್ಲ. ಮನಸ್ಸಿನಲ್ಲಿ ಇದ್ದದ್ದು ಮುಖದಲ್ಲೇ ಎಲ್ಲರಿಗೂ ಕಾಣುತ್ತದೆ. ಶೇಕ್ಸ್‌ಪಿಯರನ 'ಒಥೆಲೊ' ನಾಟಕದ ಮೊದಲ ದೃಶ್ಯದಲ್ಲಿ ಇಯಾಗೊ ಈ ಮಾತು ಆಡುತ್ತಾನೆ. ಒಳಗಿನದನ್ನು ಹೊರಗೆ ತೋರಿಸಿಕೊಂಡರೆ ಹೃದಯವನ್ನು ತೋಳಿನ ಮೇಲೆ ಇಟ್ಟು ಕಾಗೆಗಳಿಗೆ ಕುಕ್ಕಲು ಕೊಟ್ಟ ಹಾಗೆ ಅಂತ. ಆಡಿದವನು ನಾಟಕದ ದೊಡ್ಡ ಕಪಟಿ ಅನ್ನೋದನ್ನು ಉತ್ತರದಲ್ಲಿ ಬರೆಯಿರಿ.

ಇನ್ನೊಂದು 'ಮ್ಯಾಕ್‌ಬೆತ್'ನಲ್ಲಿದೆ, ನಾಲ್ಕನೇ ಅಂಕ, ಮೂರನೇ ದೃಶ್ಯ. ಹೆಂಡತಿ ಮಕ್ಕಳನ್ನು ಕೊಂದ ಸುದ್ದಿ ಕೇಳಿ ಮ್ಯಾಕ್‌ಡಫ್ ಮಾತಾಡುವುದಿಲ್ಲ, ಟೊಪ್ಪಿಗೆಯನ್ನು ಹುಬ್ಬಿನ ಮೇಲೆ ಎಳೆದುಕೊಳ್ಳುತ್ತಾನೆ. ಆಗ ಮ್ಯಾಲ್ಕಮ್ 'ಗಿವ್ ಸಾರೋ ವರ್ಡ್ಸ್' ಅನ್ನುತ್ತಾನೆ, ದುಃಖಕ್ಕೆ ಮಾತು ಕೊಡು ಅಂತ. ದುಃಖ ಬಾಯಿಬಿಟ್ಟು ಮಾತಾಡದಿದ್ದರೆ, ಮೊದಲೇ ತುಂಬಿದ ಎದೆಯ ಕಿವಿಯಲ್ಲಿ ಒಡೆದುಹೋಗು ಅಂತ ಪಿಸುಗುಟ್ಟುತ್ತದಂತೆ. ಈ ವಿಷಯದ ಮೇಲೆ ಇಂಗ್ಲಿಷಿನಲ್ಲಿ ನನಗೆ ಇದಕ್ಕಿಂತ ಹಿಡಿಸಿದ ಮಾತಿಲ್ಲ.

ಪ್ರಶ್ನೆ: ಗೆಳೆಯ ತನ್ನ ಪ್ರೀತಿಯ ವಿಷಯ ನನ್ನ ಹತ್ತಿರ ಹೇಳಿಕೊಂಡ. 'ಹಿ ಸ್ಪಿಲ್ಡ್ ದ ಬೀನ್ಸ್' ಅನ್ನಬಹುದಾ?
*ಚಿಕ್ಕೋಡಿ*

ಉತ್ತರ: ಅವನು ನಿಮಗೆ ಹೇಳಿದ್ದು 'ಕನ್‌ಫೈಡೆಡ್ ಇನ್ ಮಿ'. ಅದನ್ನು ನೀವು ಹೋಗಿ ಅವರಪ್ಪನ ಮುಂದೆ ಹೇಳಿದರೆ ಅದು 'ಸ್ಪಿಲ್ಡ್ ದ ಬೀನ್ಸ್'. ತಪ್ಪು ಮಾಡಿದವನು ತಾನಾಗಿಯೇ ಒಪ್ಪಿಕೊಂಡರೆ 'ಕೇಮ್ ಕ್ಲೀನ್'. ಪ್ರೀತಿ ತಪ್ಪಲ್ಲವಾದ್ದರಿಂದ ಅದೂ ಇಲ್ಲಿ ಬೇಡ.

ಪ್ರಶ್ನೆ: ಪತ್ರಿಕೋದ್ಯಮ ಓದುತ್ತಿದ್ದೇನೆ. ಸುವರ್ಣಸೌಧದ ಅಧಿವೇಶನದ ಹೊತ್ತಿಗೆ 'ರೈತರು ಸಚಿವರ ಮುಂದೆ ಅಳಲು ತೋಡಿಕೊಂಡರು' ಅಂತ ಒಂದು ವರದಿ ಇತ್ತು. ಇಂಗ್ಲಿಷಿಗೆ ಮಾಡುವಾಗ 'ಪೋರ್ಡ್ ಔಟ್ ದೇರ್ ಹಾರ್ಟ್ಸ್' ಅಂತ ಬರೆದೆ. ಸರಿಯೇ?
*ಬೆಳಗಾವಿ*

ಉತ್ತರ: ರೈತರು ಕಬ್ಬಿನ ಬಾಕಿ, ಕರೆಂಟು, ನೀರಿನ ವಿಷಯ ಹೇಳಿದ್ದಾರೆ, ಪ್ರೇಮಪತ್ರ ಓದಿಲ್ಲ. ಎಲ್ಲರ ಎದುರು ಕಷ್ಟ ಹೇಳಿ ಪರಿಹಾರ ಕೇಳೋದಕ್ಕೆ 'ಏರ್ಡ್ ದೇರ್ ಗ್ರೀವನ್ಸಸ್' ಅನ್ನಿ. ಹಾಗೇ, 'ಅಳಲು ತೋಡಿಕೊಂಡರು' ಅಂತ ಕನ್ನಡದಲ್ಲೂ ದಿನಾ ಬರೆಯೋದು ಬಿಡಿ. ಏನು ಕೇಳಿದರು ಅಂತ ಬರೆಯಿರಿ.

ಪ್ರಶ್ನೆ: ಶರಣು ಅಕ್ಕೋರೇ. ಮಗ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಮೊನ್ನೆ ಫೋನಿನಲ್ಲಿ ಹೊಲದ ಪಾಲಿನ ಜಗಳ ಹೇಳುತ್ತಿದ್ದೆ. 'ಅವ್ವಾ, ದಿಸ್ ಈಸ್ ಟ್ರಾಮಾ ಡಂಪಿಂಗ್' ಅಂದ. ಅರ್ಥ ಕೇಳಿದರೆ ಗೂಗಲ್ ಮಾಡು ಅಂದ. 'ಡಂಪ್' ಅಂದರೆ ಕಸ ಸುರಿಯೋದು ಅಂತ ನನಗೂ ಗೊತ್ತು. ಬಹಳ ಬೇಜಾರಾಯಿತು.
*ನಿಪ್ಪಾಣಿ*

ಉತ್ತರ: ಬೇಜಾರಾಗೋ ಮಾತೇ. ಅವನು ಶಬ್ದವನ್ನು ತಪ್ಪು ಜಾಗದಲ್ಲಿ ಬಳಸಿದ್ದಾನೆ, ಬೇಕಾದರೆ ಈ ಪುಟವನ್ನು ಫೋಟೋ ತೆಗೆದು ಅವನಿಗೆ ಕಳಿಸಿ.

'ಟ್ರಾಮಾ ಡಂಪಿಂಗ್' ಇತ್ತೀಚೆಗೆ ಸೋಷಿಯಲ್ ಮೀಡಿಯಾದಲ್ಲಿ ಓಡಾಡುತ್ತಿರುವ ಮಾತು. ತನಗಾದ ದೊಡ್ಡ ಆಘಾತವನ್ನು, ಎದುರಿನವರಿಗೆ ಕೇಳುವ ಶಕ್ತಿ ಇದೆಯಾ ಅಂತ ವಿಚಾರಿಸದೆ, ಒಂದೇ ಸಮನೆ ಅವರ ಮೇಲೆ ಸುರಿಯೋದು ಅಂತ ಅರ್ಥ. ಇದರ ಅಣ್ಣ 'ಓವರ್‌ಶೇರ್', ಸಂದರ್ಭಕ್ಕೆ ಬೇಡವಾದಷ್ಟು ಸ್ವಂತ ವಿಷಯ ಹೇಳೋದು. ಅಮೆರಿಕದ ವೆಬ್‌ಸ್ಟರ್ಸ್ ನ್ಯೂ ವರ್ಲ್ಡ್ ಡಿಕ್ಷನರಿಯವರು 2008ರಲ್ಲಿ ಇದನ್ನು ವರ್ಷದ ಶಬ್ದ ಅಂತ ಆರಿಸಿದ್ದರು. ಹೊಸದಾಗಿ ಪರಿಚಯವಾದವರು ಮೊದಲ ಭೇಟಿಯಲ್ಲೇ ಗಂಡ ಹೆಂಡತಿ ಜಗಳ ಹೇಳಿದರೆ 'ಓವರ್‌ಶೇರ್' ಅನ್ನಬಹುದು. ತಾಯಿ ಮಗನಿಗೆ ಮನೆಯ ಹೊಲದ ವಿಷಯ ಹೇಳೋದು ಎರಡೂ ಅಲ್ಲ. ಆ ಹೊಲದಲ್ಲಿ ಅವನ ಪಾಲೂ ಇದೆ ಅಲ್ವಾ?

ಆದರೆ ನೀವು ಫೋನ್ ಮಾಡಿದ್ದು ಎಷ್ಟು ಹೊತ್ತಿಗೆ ಅಂತ ಬರೆದಿಲ್ಲ. ಬೆಳಿಗ್ಗೆ ಅವನು ಮೀಟಿಂಗಿಗೆ ಹೊರಟಿದ್ದರೆ, ಅವನಿಗೆ ಬೇಡವಾಗಿದ್ದು ಆ ಹೊತ್ತು ಇರಬಹುದು. ಇಂಗ್ಲಿಷಿನವರು ಇಂಥ ಮಾತು ತೆಗೆಯುವ ಮುಂಚೆ 'ಈಸ್ ದಿಸ್ ಎ ಗುಡ್ ಟೈಮ್?' ಅಂತ ಕೇಳುತ್ತಾರೆ, ನಾವು 'ಅರಾಮ ಇದ್ದೀಯೇನಪಾ, ಮಾತಾಡಬಹುದಾ' ಅನ್ನೋ ಹಾಗೆ. ಅವನೂ 'ಕ್ಯಾನ್ ಐ ಕಾಲ್ ಯು ಬ್ಯಾಕ್ ಟುನೈಟ್?' ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ಇಂಗ್ಲಿಷ್ ಬಂದವನಿಗೆ ಇದೊಂದು ವಾಕ್ಯ ಬರಬೇಕಿತ್ತು.

ಪ್ರಶ್ನೆ: ನರ್ಸಿಂಗ್ ಮುಗಿಸಿ ಹೊರದೇಶದ ಇಂಟರ್‌ವ್ಯೂಗೆ ತಯಾರಿ ಮಾಡುತ್ತಿದ್ದೇನೆ. ಪೇಶಂಟ್ ಕಷ್ಟ ಹೇಳಿಕೊಂಡಾಗ 'ಡೋಂಟ್ ಟೇಕ್ ಟೆನ್ಷನ್' ಅನ್ನಬಾರದಂತೆ. ಮತ್ತೇನು ಅನ್ನಬೇಕು?
*ಅಥಣಿ*

ಉತ್ತರ: 'ಟೇಕ್ ಟೆನ್ಷನ್' ನಮ್ಮಲ್ಲಿ ಚಲಾವಣೆಯ ನಾಣ್ಯ, ಹೊರಗೆ ನಡೆಯಲ್ಲ. 'ಐ ನೋ ಹೌ ಯು ಫೀಲ್' ಕೂಡ ಬೇಡ, ನಿಮಗೇನು ಗೊತ್ತು ಅನ್ನಿಸುತ್ತದೆ. 'ಅಟ್ ಲೀಸ್ಟ್' ಅಂತ ಶುರುವಾಗುವ ಯಾವ ಸಮಾಧಾನವೂ ಬೇಡ. ಮೊದಲು 'ವುಡ್ ಯು ಲೈಕ್ ಟು ಟಾಕ್ ಅಬೌಟ್ ಇಟ್?' ಅಂತ ಕೇಳಿ. ಹೇಳಲು ತಡವರಿಸಿದರೆ 'ಟೇಕ್ ಯುವರ್ ಟೈಮ್'. ಹೇಳಿದ ಮೇಲೆ 'ದ್ಯಾಟ್ ಸೌಂಡ್ಸ್ ರಿಯಲಿ ಹಾರ್ಡ್'. ಸಾಕು.

'ಐಯಾಮ್ ಆಲ್ ಇಯರ್ಸ್', ಅಂದರೆ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದೇನೆ ಅನ್ನೋದು ಉತ್ಸಾಹದ ಮಾತು, ಗೆಳತಿ ಮದುವೆ ಸುದ್ದಿ ಹೇಳುವಾಗ ಸರಿ, ಆಸ್ಪತ್ರೆ ಮಂಚದ ಪಕ್ಕ ಬೇಡ. ಯಾರಿಗೂ ಹೇಳಲ್ಲ ಅನ್ನೋದಕ್ಕೆ ಗೆಳೆಯರ ನಡುವೆ 'ಮೈ ಲಿಪ್ಸ್ ಆರ್ ಸೀಲ್ಡ್', 'ಮಮ್ಸ್ ದ ವರ್ಡ್' ಅಂತಾರೆ. ಆ 'ಮಮ್' ಅಮ್ಮ ಅಲ್ಲ, ಬಾಯಿ ಮುಚ್ಚಿದಾಗ ಬರುವ 'ಮ್' ಸದ್ದು. ಆದರೆ ನರ್ಸ್ ಆಗಿ ನೀವು ಆ ಮಾತು ಕೊಡಬೇಡಿ. 'ಐ ಮೇ ನೀಡ್ ಟು ಟೆಲ್ ದ ಡಾಕ್ಟರ್' ಅಂತ ಮೊದಲೇ ಹೇಳಿಬಿಡಿ. ಇಂಟರ್‌ವ್ಯೂನಲ್ಲಿ ಇದನ್ನೇ ಕೇಳುವ ಸಾಧ್ಯತೆ ಇದೆ.

ಪ್ರಶ್ನೆ: 'ಟಾಕಿಂಗ್ ಕ್ಯೂರ್', ಅಂದರೆ ಮಾತಿನಿಂದಲೇ ಚಿಕಿತ್ಸೆ ಅನ್ನೋದು ಮನೋವಿಶ್ಲೇಷಣೆಯ ಫ್ರಾಯ್ಡ್ ಹುಟ್ಟಿಸಿದ ಮಾತಾ?
*ಜಮಖಂಡಿ*

ಉತ್ತರ: ಹುಟ್ಟಿಸಿದ್ದು ಡಾಕ್ಟರ್ ಅಲ್ಲ, ರೋಗಿ. 1880ರಿಂದ 1882ರವರೆಗೆ ವಿಯೆನ್ನಾದಲ್ಲಿ ಯೋಸೆಫ್ ಬ್ರಾಯರ್ ಅನ್ನೋ ವೈದ್ಯರು ಒಬ್ಬ ಯುವತಿಗೆ ಚಿಕಿತ್ಸೆ ಕೊಡುತ್ತಿದ್ದರು. ಅವಳ ಮಾತೃಭಾಷೆ ಜರ್ಮನ್. ಕಾಯಿಲೆ ಜೋರಾದಾಗ ಅದು ಬಾಯಿಗೆ ಬರುತ್ತಿರಲಿಲ್ಲ, ಇಂಗ್ಲಿಷ್ ಬರುತ್ತಿತ್ತು. ಮನಸ್ಸಿನಲ್ಲಿದ್ದದ್ದನ್ನು ಹೇಳಿದ ಮೇಲೆ ಹಗುರಾಗುವುದನ್ನು ಅವಳೇ 'ಟಾಕಿಂಗ್ ಕ್ಯೂರ್' ಅಂತ ಇಂಗ್ಲಿಷಿನಲ್ಲೇ ಕರೆದಳು. ತಮಾಷೆಗೆ 'ಚಿಮ್ನಿ ಸ್ವೀಪಿಂಗ್' ಅಂತಲೂ ಅನ್ನುತ್ತಿದ್ದಳು, ಹೊಗೆಗೂಡಿನ ಮಸಿ ಗುಡಿಸೋದು ಅಂತ. ಬ್ರಾಯರ್ ಮತ್ತು ಫ್ರಾಯ್ಡ್ ಸೇರಿ 1895ರಲ್ಲಿ ತಂದ ಪುಸ್ತಕದಲ್ಲಿ ಅವಳಿಗೆ 'ಆನ್ನಾ ಓ' ಅಂತ ಹೆಸರಿಟ್ಟರು. ನಿಜವಾದ ಹೆಸರು ಬೆರ್ಥಾ ಪಾಪೆನ್‌ಹೈಮ್. ಮಾತಿನಿಂದ ಅವಳು ಪೂರ್ತಿ ಗುಣವಾದಳು ಅನ್ನೋದನ್ನು ಆಮೇಲಿನವರು ಒಪ್ಪುವುದಿಲ್ಲ. ಆದರೆ ಮುಂದೆ ಅವಳು ಜರ್ಮನಿಯಲ್ಲಿ ಹೆಸರಾದ ಸಮಾಜಸೇವಕಿಯಾದಳು, 1904ರಲ್ಲಿ ಯಹೂದಿ ಮಹಿಳೆಯರ ಸಂಘ ಕಟ್ಟಿದಳು.

ಪ್ರಶ್ನೆ: ಶಬ್ದಗಳೆಲ್ಲ ಗೊತ್ತು ಮೇಡಂ. ಹೇಳಿಕೊಳ್ಳೋದಕ್ಕೆ ಯಾರೂ ಇಲ್ಲ. ಎಲ್ಲ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೇನೆ. ಅದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?
*ಬಸವನ ಬಾಗೇವಾಡಿ*

ಉತ್ತರ: 'ಬಾಟಲ್ ಅಪ್' ಅಂತಾರೆ. ಆದರೆ ನಿಮ್ಮ ಪತ್ರಕ್ಕೆ ಅದು ಉತ್ತರ ಅಲ್ಲ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯದ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ. ನಂಬರ್ 14416. ದುಡ್ಡು ಇಲ್ಲ, ರಾತ್ರಿ ಹಗಲು ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ದಯವಿಟ್ಟು ಇವತ್ತೇ ಫೋನ್ ಮಾಡಿ. ಆಮೇಲೆ ನನಗೂ ಒಂದು ಸಾಲು ಬರೆಯಿರಿ.

ಪ್ರಶ್ನೆ: ನಿಮ್ಮ ಅಂಕಣ ಬರಬರುತ್ತ 'ಆಗನಿ ಆಂಟ್' ಅಂಕಣ ಆಗುತ್ತಿದೆ ಅಂತ ನನ್ನ ಹೆಂಡತಿ ಅನ್ನುತ್ತಾಳೆ. ನಿಮಗೆ ಏನನ್ನಿಸುತ್ತದೆ?
*ಗೋಕಾಕ*

ಉತ್ತರ: ಅವರಿಗೆ ನಮಸ್ಕಾರ ಹೇಳಿ. ಓದುಗರ ಮನೆ, ಮನಸ್ಸಿನ ಗೋಳಿಗೆ ಪತ್ರಿಕೆಯಲ್ಲಿ ಉತ್ತರ ಕೊಡುವ ಹೆಂಗಸಿಗೆ ಬ್ರಿಟನ್ನಿನಲ್ಲಿ 'ಆಗನಿ ಆಂಟ್' ಅಂತಾರೆ. ಈ ಕೆಲಸ ಶುರು ಮಾಡಿದವನು ಮಾತ್ರ ಗಂಡಸು. ಜಾನ್ ಡಂಟನ್ ಅನ್ನೋ ಪುಸ್ತಕ ವ್ಯಾಪಾರಿ 1691ರಲ್ಲಿ ಲಂಡನ್ನಿನಲ್ಲಿ 'ಅಥೀನಿಯನ್ ಮರ್ಕ್ಯುರಿ' ಅನ್ನೋ ಪತ್ರಿಕೆ ತೆಗೆದ. ಓದುಗರು ಹೆಸರು ಹಾಕದೆ ಏನು ಬೇಕಾದರೂ ಕೇಳಬಹುದಿತ್ತು. ಮದುವೆ, ಪ್ರೀತಿ, ದೇವರು, ವಿಜ್ಞಾನ ಎಲ್ಲ ಬರುತ್ತಿತ್ತು. ಉತ್ತರ ಕೊಡುವವರು ದೊಡ್ಡ ಪಂಡಿತರ ಮಂಡಳಿ ಅಂತ ಹೇಳಿಕೊಂಡಿದ್ದರು, ನೋಡಿದರೆ ಇದ್ದದ್ದು ಅವನು ಮತ್ತು ಅವನ ಕೆಲವೇ ಆಪ್ತರು. ನಮ್ಮಲ್ಲಿ ಮಂಡಳಿಯೂ ಇಲ್ಲ, ಆಪ್ತರೂ ಇಲ್ಲ, ನಾನೊಬ್ಬಳೇ. ನಿಮ್ಮ ಪತ್ರದಲ್ಲಿದ್ದ ಇನ್ನೊಂದು ಪ್ರಶ್ನೆ, ಅದೇ 'ಕಾಮಾ' ಚಿಹ್ನೆಯದ್ದು (,), ಮುಂದಿನ ತಿಂಗಳು.